ಬಿತ್ತದ ಬೆಳೆಗೆ ಬಂದ ಹಣ

1933ರ ಜುಲೈ 28ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ಟೆಕ್ಸಾಸ್ ರಾಜ್ಯದ ನ್ಯೂಸೆಸ್ ಕೌಂಟಿಯಿಂದ ಬಂದಿದ್ದ ಹತ್ತಿ ಬೆಳೆಗಾರನೊಬ್ಬನಿಗೆ ತಮ್ಮ ಕೈಯಾರೆ ಒಂದು ಚೆಕ್ಕು ಕೊಟ್ಟರು. ಮೊತ್ತ 517 ಡಾಲರ್. ಆ ರೈತ ಮಾಡಿದ್ದಿಷ್ಟೇ: 47 ಎಕರೆಯಲ್ಲಿ ಎದ್ದು ನಿಂತಿದ್ದ ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಿದ್ದ. ಬೆಳೆದದ್ದಕ್ಕಲ್ಲ, ಬೆಳೆದದ್ದನ್ನು ಅಳಿಸಿದ್ದಕ್ಕೆ ಸಿಕ್ಕ ಹಣ ಅದು. ಆ ಯೋಜನೆಯಲ್ಲಿ ಕೊಟ್ಟ ಮೊದಲ ಚೆಕ್ಕು ಕೂಡ ಅದೇ.

ಆ ಬೇಸಿಗೆಯಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಉದ್ದಗಲಕ್ಕೂ ಸುಮಾರು ಒಂದು ಕೋಟಿ ಎಕರೆ ಹತ್ತಿ ಹೀಗೆ ಮಣ್ಣು ಸೇರಿತು. ಹೇಸರಗತ್ತೆಗಳ ಬಗ್ಗೆ ಒಂದು ಕತೆಯನ್ನು ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಸಾಲಿನ ನಡುವೆ ನಡೆಯಬೇಕು, ಗಿಡ ತುಳಿಯಬಾರದು ಎಂದು ಮರಿ ಇದ್ದಾಗಿನಿಂದ ಹೊಡೆಸಿಕೊಂಡು ಕಲಿತ ಪ್ರಾಣಿಗಳವು. ಈಗ ಗಿಡದ ಮೇಲೆಯೇ ನಡೆ ಎಂದರೆ ನಡೆಯದೆ ನಿಂತುಬಿಟ್ಟವಂತೆ. ಕತೆ ಎಷ್ಟು ನಿಜವೋ, ಎಷ್ಟು ಉಪ್ಪುಖಾರ ಸೇರಿದ್ದೋ. ಆದರೆ ಹೊಲದಲ್ಲಿ ನಿಂತಿದ್ದ ಮನುಷ್ಯರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಆ ಕತೆ ಹೇಳುತ್ತದೆ.

ಸರ್ಕಾರಕ್ಕೆ ಹುಚ್ಚು ಹಿಡಿದಿತ್ತೆಂದು ತಿಳಿಯಬೇಕಾಗಿಲ್ಲ. 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿಯ ಬೆಲೆ ಎರಡು ಮೂರು ವರ್ಷಗಳಲ್ಲಿ 6 ಸೆಂಟಿನ ಆಸುಪಾಸಿಗೆ ಬಿದ್ದಿತ್ತು. ಹೆಚ್ಚುಕಡಿಮೆ ಒಂದು ವರ್ಷದ ಬೆಳೆಯಷ್ಟು ಹಳೆಯ ಹತ್ತಿ ಗೋದಾಮುಗಳಲ್ಲಿ ಕೊಳೆಯುತ್ತಿತ್ತು. ಬೆಲೆ ಬಿದ್ದಷ್ಟೂ ರೈತ ಸಾಲ ತೀರಿಸಲು ಹೆಚ್ಚು ಬಿತ್ತುತ್ತಾನೆ, ಹೆಚ್ಚು ಬಿತ್ತಿದಷ್ಟೂ ಬೆಲೆ ಇನ್ನೂ ಬೀಳುತ್ತದೆ. ಈ ಗಾಣದಿಂದ ಒಬ್ಬೊಬ್ಬರೇ ಹೊರಗೆ ಬರಲು ಆಗದು. ಎಲ್ಲರೂ ಒಟ್ಟಿಗೆ ಬಿತ್ತನೆ ಇಳಿಸಬೇಕು, ಇಳಿಸಿದವರಿಗೆ ಸರ್ಕಾರ ನಷ್ಟ ತುಂಬಿಕೊಡಬೇಕು ಎಂಬುದು ರೂಸ್‌ವೆಲ್ಟ್ ಸರ್ಕಾರದ ಯೋಚನೆ. 1933ರ ಮೇ 12ರಂದು ಸಹಿಯಾದ ಕೃಷಿ ಹೊಂದಾಣಿಕೆ ಕಾಯ್ದೆಯ ಹುರುಳು ಇದು. ಅಮೆರಿಕನ್ನರು ಅದನ್ನು ಮೂರಕ್ಷರದಲ್ಲಿ ಎಎಎ ಎಂದು ಕರೆದರು. ಖರ್ಚಿಗೆ ಹತ್ತಿ ಗಿರಣಿಗಳ ಮೇಲೆ ಪೌಂಡಿಗೆ 4.2 ಸೆಂಟಿನ ತೆರಿಗೆ ಹಾಕಿದರು. ಕಾಯ್ದೆ ಬರುವ ಹೊತ್ತಿಗೆ ಬಿತ್ತನೆ ಮುಗಿದುಹೋಗಿತ್ತು. ಆದ್ದರಿಂದ ಮೊದಲ ವರ್ಷ ಮಾತ್ರ ಬೆಳೆದದ್ದನ್ನು ಉತ್ತುಹಾಕುವ ಈ ವಿಚಿತ್ರ ನಡೆಯಿತು. ಎಕರೆಯ ಇಳುವರಿ ನೋಡಿ 7ರಿಂದ 20 ಡಾಲರ್ ಕೊಟ್ಟರು. ಮುಂದಿನ ವರ್ಷದಿಂದ ಬಿತ್ತದೇ ಬಿಟ್ಟರೆ ಹಣ.

ಬೆಲೆಯ ಮಟ್ಟಿಗೆ ಯೋಜನೆ ಗೆದ್ದಿತು. ಅದೇ ವರ್ಷದ ಕೊನೆಗೆ ಹತ್ತಿ 10 ಸೆಂಟ್ ಮುಟ್ಟಿತು. ಪ್ರಶ್ನೆ ಬಂದದ್ದು ಚೆಕ್ಕಿನ ಮೇಲೆ ಯಾರ ಹೆಸರು ಬರೆಯಬೇಕು ಎಂಬಲ್ಲಿ.

ಈ ಪ್ರಶ್ನೆ ಸುಟ್ಟದ್ದು ಎಲ್ಲಿ, ಯಾರನ್ನು ಎಂದು ತಿಳಿಯಲು ಅರ್ಕಾನ್ಸಾ ರಾಜ್ಯದ ಪಾಯಿನ್‌ಸೆಟ್ ಕೌಂಟಿಗೆ ಹೋಗಬೇಕು. ಕೌಂಟಿ ಎಂದರೆ ನಮ್ಮ ತಾಲ್ಲೂಕು ಮತ್ತು ಜಿಲ್ಲೆಗಳ ನಡುವಿನ ಒಂದು ಆಡಳಿತ ಘಟಕ. ಅದಕ್ಕೊಂದು ನ್ಯಾಯಾಲಯ, ಒಬ್ಬ ಶೆರಿಫ್, ತೆರಿಗೆ ಕಟ್ಟಲು ಒಂದು ಕಚೇರಿ. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕಿರುವ ಪಾಯಿನ್‌ಸೆಟ್‌ನ ಪೂರ್ವಭಾಗ ಹಿಂದೆ ಜೌಗು ಕಾಡು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮರದ ಕಂಪನಿಗಳು ಕಾಡು ಕಡಿದವು, ಕಾಲುವೆ ತೋಡಿ ನೀರು ಬಸಿದರು, ಅಡಿಯಲ್ಲಿದ್ದ ಕಪ್ಪು ಮಣ್ಣಿನಲ್ಲಿ ಹತ್ತಿ ಹಾಕಿದರು. ಸಣ್ಣ ರೈತರು ತಲೆಮಾರುಗಳಿಂದ ಉಳುತ್ತ ಬಂದ ನೆಲ ಅದಲ್ಲ. ಸಾವಿರಾರು ಎಕರೆಯ ದೊಡ್ಡ ಹಿಡುವಳಿಗಳು, ಅವುಗಳ ಮೇಲೆ ಪಾಲಿಗೆ ದುಡಿಯುವ ಕುಟುಂಬಗಳು, ಅವರಲ್ಲಿ ಕಪ್ಪು ಜನರೂ ಇದ್ದರು, ಬಿಳಿಯರೂ ಇದ್ದರು.

ಈ ಪಾಲಿನ ಪದ್ಧತಿಗೆ ಅಲ್ಲಿ ಶೇರ್‌ಕ್ರಾಪಿಂಗ್ ಎನ್ನುತ್ತಾರೆ. ಉತ್ತರ ಕರ್ನಾಟಕದ ಕೋರುಪಾಲು ಕಂಡವರಿಗೆ ವಿವರಿಸುವ ಅಗತ್ಯ ಅಷ್ಟಿಲ್ಲ. ನೆಲ, ಬೀಜ, ಹೇಸರಗತ್ತೆ, ನೇಗಿಲು, ಗುಡಿಸಲು ಧಣಿಯವು. ದುಡಿಮೆ ಇಡೀ ಕುಟುಂಬದ್ದು. ಬೆಳೆಯಲ್ಲಿ ಅರ್ಧ ಅರ್ಧ. ಬಿತ್ತನೆಯಿಂದ ಕೊಯ್ಲಿನವರೆಗೆ ಹೊಟ್ಟೆಗೆ ಬೇಕಾದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿಯನ್ನು ಧಣಿಯದೇ ಅಂಗಡಿಯಲ್ಲಿ ಉದ್ರಿ ತರಬೇಕು. ಬಡ್ಡಿ ಎಷ್ಟೆಂದು ಕೇಳುವ ಹಾಗಿಲ್ಲ, ಲೆಕ್ಕದ ಪುಸ್ತಕ ಅವನ ಕೈಯಲ್ಲಿ. ಡಿಸೆಂಬರಿನಲ್ಲಿ ಚುಕ್ತಾ ಮಾಡುವಾಗ ಪಾಲುಗಾರನಿಗೆ ಉಳಿಯುವುದು ಕೆಲವೇ ಡಾಲರ್, ಇಲ್ಲವೇ ಬರುವ ವರ್ಷಕ್ಕೆ ಸಾಲ. ಲೆಕ್ಕದಲ್ಲಿ ತಪ್ಪಿದೆ ಎಂದು ಕಪ್ಪು ಮನುಷ್ಯನೊಬ್ಬ ಬಾಯಿಬಿಟ್ಟರೆ ಅದು ಜೀವಕ್ಕೇ ಕುತ್ತು.

1934-35ರ ಹತ್ತಿ ಒಪ್ಪಂದ ಈ ಏರ್ಪಾಡಿನ ಮೇಲೆ ಬಂದು ಕೂತಿತು. ಸರ್ಕಾರ ಒಪ್ಪಂದ ಮಾಡಿಕೊಂಡದ್ದು ಜಮೀನಿನ ಒಡೆಯನ ಜೊತೆ ಮಾತ್ರ. ಬಿತ್ತದೆ ಬಿಟ್ಟ ನೆಲದಲ್ಲಿ ವಾಡಿಕೆಯಂತೆ ಎಷ್ಟು ಹತ್ತಿ ಬರುತ್ತಿತ್ತೋ ಅಷ್ಟಕ್ಕೆ ಪೌಂಡಿಗೆ ನಾಲ್ಕೂವರೆ ಸೆಂಟ್. ಅದರಲ್ಲಿ ಮೂರೂವರೆ ಸೆಂಟ್ ನೆಲದ ಬಾಡಿಗೆ ಎಂಬ ಹೆಸರಿನಲ್ಲಿ ಪೂರ್ತಿ ಒಡೆಯನಿಗೆ. ಉಳಿದ ಒಂದು ಸೆಂಟನ್ನು ಪಾಲುಗಾರನ ಜೊತೆ ಅರ್ಧರ್ಧ ಹಂಚಿಕೊಳ್ಳಬೇಕು. ಎಂದರೆ ಒಡೆಯನಿಗೆ ನಾಲ್ಕು, ದುಡಿಯುವವನಿಗೆ ಅರ್ಧ.

ಒಂದು ಎಕರೆಯ ಲೆಕ್ಕ ಹಾಕಿದರೆ ಇದು ಬಿಚ್ಚಿಕೊಳ್ಳುತ್ತದೆ. ಎಕರೆಗೆ 200 ಪೌಂಡ್ ಹತ್ತಿ, ಬೆಲೆ 10 ಸೆಂಟ್ ಎಂದಿಟ್ಟುಕೊಳ್ಳಿ. ಬೆಳೆದರೆ 20 ಡಾಲರ್. ಒಡೆಯನಿಗೆ 10, ಪಾಲುಗಾರನಿಗೆ 10. ಬೆಳೆಯದೆ ಬಿಟ್ಟರೆ ಸರ್ಕಾರದಿಂದ 9 ಡಾಲರ್. ಒಡೆಯನಿಗೆ 8, ಪಾಲುಗಾರನಿಗೆ 1. ಒಡೆಯನಿಗೆ ಬೀಜ, ಜಿನ್ನಿಂಗ್ ಮಿಲ್ಲಿನ ಖರ್ಚೂ ಉಳಿಯಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪಾಲುಗಾರನನ್ನೇ ಹೊಲದಿಂದ ಎಬ್ಬಿಸಿ, ಬೇಕಾದಾಗ ದಿನಗೂಲಿಗೆ ಆಳು ಕರೆದರೆ ಒಂಬತ್ತಕ್ಕೆ ಒಂಬತ್ತೂ ಒಡೆಯನದೇ. ಜೊತೆಗೆ ಬಿತ್ತಿದ ನೆಲದ ಬೆಳೆಯಲ್ಲೂ ಪಾಲು ಕೊಡಬೇಕಾಗಿಲ್ಲ. ದುಷ್ಟನಾಗಬೇಕಿಲ್ಲ, ಕೂಡಿಸಿ ಕಳೆಯಲು ಬಂದರೆ ಸಾಕಿತ್ತು.

ಒಪ್ಪಂದದ ಏಳನೆಯ ಕಲಮಿನಲ್ಲಿ ಪಾಲುಗಾರರಿಗೆ ಒಂದು ರಕ್ಷಣೆ ಇತ್ತು, ಇದ್ದ ಹಾಗೆ ಕಾಣುತ್ತಿತ್ತು. ಸಾಧ್ಯವಾದ ಮಟ್ಟಿಗೆ ಜಮೀನಿನಲ್ಲಿ ವಾಡಿಕೆಯಷ್ಟೇ ಪಾಲುಗಾರರನ್ನು ಉಳಿಸಿಕೊಳ್ಳಲು ಒಡೆಯನು ಒಳ್ಳೆಯ ಮನಸ್ಸಿನಿಂದ ಪ್ರಯತ್ನಿಸತಕ್ಕದ್ದು ಎಂಬ ಧಾಟಿಯ ಮಾತುಗಳು. ಸಾಧ್ಯವಾದ ಮಟ್ಟಿಗೆ, ಪ್ರಯತ್ನ, ಒಳ್ಳೆಯ ಮನಸ್ಸು: ವಕೀಲರಿಗೆ ಇಂಥ ಪದಗಳೆಂದರೆ ಹಬ್ಬ. ಮನಸ್ಸು ಒಳ್ಳೆಯದಿತ್ತೋ ಇಲ್ಲವೋ ನೋಡಬೇಕಾದವರು ಯಾರು? ಕೌಂಟಿಯ ಸಮಿತಿ. ಸಮಿತಿಯಲ್ಲಿ ಇದ್ದವರು ಯಾರು? ಅದೇ ಜಮೀನ್ದಾರರು, ಅವರ ಬಂಧುಗಳು, ಅವರ ಮೇಜಿನಲ್ಲಿ ಉಣ್ಣುವ ಅಧಿಕಾರಿಗಳು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯ ಮೇಲೆ ಬಂದ ದೂರನ್ನು ವಿಚಾರಿಸುವವನೂ ಪೂಜಾರಿಯೇ.

ಹೈದರಾಬಾದಿನಲ್ಲಿ ಇರುವವರಿಗೆ ಈ ಪ್ರಶ್ನೆ ಹಳೆಯದಾಗಿ ಕೇಳಿಸಲಾರದು. ತೆಲಂಗಾಣ 2018ರಲ್ಲಿ ರೈತುಬಂಧು ತಂದಾಗ ಎಕರೆಗೆ ಒಂದು ಬೆಳೆಗೆ 4,000 ರೂಪಾಯಿ ಹೋದದ್ದು ಪಟ್ಟಾದಾರನ ಹೆಸರಿಗೆ; ಗುತ್ತಿಗೆಗೆ ಉಳುವವರನ್ನು ಸರ್ಕಾರ ತಿಳಿದೇ ಹೊರಗಿಟ್ಟಿತು. ಮರುವರ್ಷ ಬಂದ ಪಿಎಂ ಕಿಸಾನ್‌ನ 6,000 ರೂಪಾಯಿಯೂ ಭೂಮಿ ಇರುವ ಕುಟುಂಬಕ್ಕೇ. ಕರ್ನಾಟಕದಲ್ಲಿ ಇದಕ್ಕೊಂದು ವಿಶೇಷ ತಿರುವು ಇದೆ. ಉಳುವವನನ್ನೇ ಹೊಲದ ಒಡೆಯನನ್ನಾಗಿ ಮಾಡಿದ 1974ರ ತಿದ್ದುಪಡಿ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಹೊಸದಾಗಿ ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಆದರೆ ಲಾವಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾನೂನಿನ ಕಣ್ಣಿಗೆ ಇಲ್ಲದ ರೈತನ ಹೆಸರಿಗೆ ಯಾವ ಕಚೇರಿ ಹಣ ಕಳಿಸೀತು?

ಪಾಯಿನ್‌ಸೆಟ್ ಕೌಂಟಿಯ ಟೈರೊನ್ಝಾ ಎಂಬ ಸಣ್ಣ ಊರಿನ ಬಳಿ ಹೈರಮ್ ನಾರ್‌ಕ್ರಾಸ್ ಎಂಬ ದೊಡ್ಡ ಜಮೀನ್ದಾರ ಇದ್ದ. 1934ರ ಆರಂಭದಲ್ಲಿ ಅವನು ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳನ್ನು ಜಮೀನಿನಿಂದ ಎಬ್ಬಿಸಿದ. ಊರಿನಲ್ಲಿ ಎಚ್.ಎಲ್. ಮಿಚೆಲ್ ಎಂಬವನು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟಿದ್ದ. ಪಕ್ಕದಲ್ಲೇ ಕ್ಲೇ ಈಸ್ಟ್ ಎಂಬವನ ಪೆಟ್ರೋಲ್ ಬಂಕ್. ಇಬ್ಬರೂ ಬಿಳಿಯರು, ಇಬ್ಬರೂ ಸಮಾಜವಾದಿಗಳು. ಅವರ ಆಹ್ವಾನದ ಮೇಲೆ ಬಂದು ಪಾಲುಗಾರರ ಪಾಡು ನೋಡಿದ ಸಮಾಜವಾದಿ ಪಕ್ಷದ ನಾಯಕ ನಾರ್ಮನ್ ಥಾಮಸ್, ಇವರಿಗೆ ಬೇಕಿರುವುದು ಪಕ್ಷಕ್ಕಿಂತ ಮೊದಲು ಒಂದು ಸಂಘ ಎಂದು ಹೇಳಿಹೋದರು.

ಅದೇ ಜುಲೈನಲ್ಲಿ ಒಂದು ರಾತ್ರಿ ಸನಿಸೈಡ್ ಎಂಬ ಶಾಲೆಯ ಕಟ್ಟಡದಲ್ಲಿ ಹದಿನೆಂಟು ಗಂಡಸರು ಸೇರಿದರು. ಹನ್ನೊಂದು ಬಿಳಿಯರು, ಏಳು ಕಪ್ಪು ಜನ. ಮೊದಲ ಪ್ರಶ್ನೆಯೇ ಕಠಿಣದ್ದು: ಸಂಘ ಒಂದೋ ಎರಡೋ? ಅರ್ಕಾನ್ಸಾದಲ್ಲಿ ಆಗ ಕಪ್ಪು ಬಿಳಿ ಒಂದೇ ಬೆಂಚಿನಲ್ಲಿ ಕೂರುತ್ತಿರಲಿಲ್ಲ. ಸೇರಿದ್ದ ಬಿಳಿಯರಲ್ಲಿ ಕೆಲವರು ಹಿಂದೆ ಕಪ್ಪು ಜನರನ್ನು ಹೆದರಿಸಿ ಹೊಡೆಯುತ್ತಿದ್ದ ಗುಂಪುಗಳಲ್ಲಿ ಇದ್ದವರೂ ಹೌದು ಎಂದು ಸಂಘದ ಹಳಬರು ಹೇಳಿಕೊಂಡಿದ್ದಾರೆ. ಆಗ ಎದ್ದು ಮಾತಾಡಿದವನು ಐಸಾಕ್ ಷಾ ಎಂಬ ವಯಸ್ಸಾದ ಕಪ್ಪು ಪಾಲುಗಾರ. ಹದಿನೈದು ವರ್ಷ ಹಿಂದೆ, 1919ರಲ್ಲಿ, ಇದೇ ರಾಜ್ಯದ ಈಲೇನ್ ಎಂಬಲ್ಲಿ ಕಪ್ಪು ಪಾಲುಗಾರರು ಹತ್ತಿಗೆ ಸರಿಯಾದ ಲೆಕ್ಕ ಕೇಳಲು ತಮ್ಮದೇ ಸಂಘ ಕಟ್ಟಿದ್ದರು. ಅವರನ್ನು ಬೇಟೆಯಾಡಿ ಕೊಂದರು. ಸತ್ತವರು ಎಷ್ಟೆಂಬುದರಲ್ಲಿ ಒಮ್ಮತವಿಲ್ಲ; ನೂರಕ್ಕೂ ಹೆಚ್ಚು ಎಂದು ಹೇಳುವವರೇ ಬಹಳ. ಐಸಾಕ್ ಷಾ ಆ ಸಂಘದಲ್ಲಿದ್ದು ಉಳಿದುಕೊಂಡವನು. ಬೇರೆಬೇರೆ ಇದ್ದರೆ ಏನಾಗುತ್ತದೆಂದು ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಒಂದೇ ಸಂಘ ಎಂದು ತೀರ್ಮಾನವಾಯಿತು. ಹೆಸರು ದಕ್ಷಿಣದ ಗೇಣಿದಾರ ರೈತರ ಸಂಘ. ಎರಡು ವರ್ಷದೊಳಗೆ ಅದರ ಸದಸ್ಯರ ಸಂಖ್ಯೆ ಸಾವಿರಗಳ ಲೆಕ್ಕಕ್ಕೆ ಏರಿತು.

ಸಂಘ ಮೊದಲು ಹಿಡಿದದ್ದು ಆ ಏಳನೆಯ ಕಲಮನ್ನೇ. ನಾರ್‌ಕ್ರಾಸ್ ಮೇಲೆ ದಾವೆ ಹೂಡಿದರು. ಅರ್ಕಾನ್ಸಾದ ನ್ಯಾಯಾಲಯಗಳು ಹೇಳಿದ್ದು: ಒಪ್ಪಂದ ಸರ್ಕಾರಕ್ಕೂ ಒಡೆಯನಿಗೂ ನಡುವಿನದು, ಅದರಲ್ಲಿ ಪಾಲುಗಾರ ಕಕ್ಷಿದಾರನಲ್ಲ, ಆದ್ದರಿಂದ ಅವನಿಗೆ ಕೇಳುವ ಹಕ್ಕೂ ಇಲ್ಲ.

ಇತ್ತ ಕೃಷಿ ಇಲಾಖೆಯೊಳಗೇ ಒಂದು ಜಗಳ ಹೊಗೆಯಾಡುತ್ತಿತ್ತು. ಎಎಎ ಕಚೇರಿಯ ಕಾನೂನು ವಿಭಾಗಕ್ಕೆ ಜೆರೋಮ್ ಫ್ರಾಂಕ್ ಮುಖ್ಯಸ್ಥ. ದೊಡ್ಡ ಶಹರಗಳಿಂದ ಅವರು ಆರಿಸಿ ತಂದ ಹುರುಪಿನ ಯುವ ವಕೀಲರು ಜೊತೆಗಿದ್ದರು. ಹತ್ತಿ ಗಿಡ ಕಂಡವರಲ್ಲ ಎಂದು ಹಳೆಯ ಕೃಷಿ ಅಧಿಕಾರಿಗಳು ಅವರನ್ನು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರ ಮಾತಿನಲ್ಲಿ ಹುರುಳು ಇಲ್ಲದೆ ಇರಲಿಲ್ಲ. ಆದರೂ ಒಪ್ಪಂದದ ಕಾಗದವನ್ನು ಗಮನವಿಟ್ಟು ಓದಿದವರು ಅವರೇ. 1935ರ ಜನವರಿಯಲ್ಲಿ ಮೇರಿ ಕಾನರ್ ಮೈಯರ್ಸ್ ಎಂಬ ವಕೀಲೆಯನ್ನು ಅರ್ಕಾನ್ಸಾಗೆ ತನಿಖೆಗೆ ಕಳಿಸಿದರು. ಆಕೆ ಪಾಲುಗಾರರ ಹೇಳಿಕೆಗಳನ್ನು ಬರೆದುಕೊಂಡು ವರದಿ ಕೊಟ್ಟರು. ಇಲಾಖೆ ಅದನ್ನು ಪ್ರಕಟಿಸಲೇ ಇಲ್ಲ.

ಫೆಬ್ರವರಿ ಹೊತ್ತಿಗೆ ಫ್ರಾಂಕ್ ಅವರ ವಿಭಾಗ ಏಳನೆಯ ಕಲಮಿಗೆ ಹೊಸ ಅರ್ಥ ಬರೆಯಿತು. ಪಾಲುಗಾರರ ಸಂಖ್ಯೆ ಉಳಿಸಿದರೆ ಸಾಲದು. ಇದ್ದ ಅದೇ ಕುಟುಂಬಗಳನ್ನೇ ಉಳಿಸಿಕೊಳ್ಳಬೇಕು. ಇದನ್ನು ಬರೆದವರಲ್ಲಿ ಆಲ್ಜರ್ ಹಿಸ್ ಎಂಬ ಯುವಕ ಒಬ್ಬ. ಮುಂದೆ ಸೋವಿಯತ್ ಬೇಹುಗಾರಿಕೆಯ ಆರೋಪದ ಸುತ್ತ ಸುಳ್ಳುಸಾಕ್ಷಿಯ ಅಪರಾಧಕ್ಕೆ 1950ರಲ್ಲಿ ಶಿಕ್ಷೆಯಾಗಿ ಇಡೀ ಅಮೆರಿಕವನ್ನು ಎರಡು ಪಾಲು ಮಾಡಿದ ಅದೇ ಹಿಸ್. ಮುಖ್ಯಾಧಿಕಾರಿ ಚೆಸ್ಟರ್ ಡೇವಿಸ್ ಊರಿನಲ್ಲಿ ಇಲ್ಲದಾಗ ಈ ಆದೇಶ ಹೊರಟಿತು. ಡೇವಿಸ್ ಮರಳಿದವರೇ ಕೃಷಿ ಸಚಿವ ಹೆನ್ರಿ ವ್ಯಾಲೇಸ್ ಬಳಿ ಹೋಗಿ, ಇವರಿರಬೇಕು ಇಲ್ಲವೇ ನಾನಿರಬೇಕು ಎಂದು ಪಟ್ಟು ಹಿಡಿದರು. ಫೆಬ್ರವರಿ 5ರಂದು ಫ್ರಾಂಕ್, ಲೀ ಪ್ರೆಸ್‌ಮನ್, ಗಾರ್ಡ್‌ನರ್ ಜಾಕ್ಸನ್ ಮೊದಲಾದವರ ಕೆಲಸ ಹೋಯಿತು. ಏಳನೆಯ ಕಲಮಿನ ಹೊಸ ಅರ್ಥವೂ ಅವರ ಜೊತೆಗೇ ಹೋಯಿತು.

ವ್ಯಾಲೇಸ್ ಬಡವರ ಬಗ್ಗೆ ಕಲ್ಲುಮನಸ್ಸಿನವರಲ್ಲ. ಡೇವಿಸ್ ಕೂಡ ಜಮೀನ್ದಾರರ ಏಜೆಂಟರಲ್ಲ. ಅವರ ವಾದವನ್ನು ಕೇಳಿಸಿಕೊಳ್ಳಬೇಕು. ಸೆನೆಟ್ಟಿನ ಕೃಷಿ ಸಮಿತಿಯ ಅಧ್ಯಕ್ಷ ದಕ್ಷಿಣ ಕೆರೊಲಿನಾದ ಎಲಿಸನ್ ಸ್ಮಿತ್. ಹತ್ತಿಯ ಮೇಲಿನ ಅವರ ಪ್ರೀತಿಗೆ ಜನ ಅವರನ್ನು ಕಾಟನ್ ಎಡ್ ಎನ್ನುತ್ತಿದ್ದರು. ಆಡಳಿತ ಪಕ್ಷದ ಸೆನೆಟ್ ನಾಯಕ ಜೋ ರಾಬಿನ್ಸನ್, ಸಾಕ್ಷಾತ್ ಅರ್ಕಾನ್ಸಾದವರು. ಬ್ಯಾಂಕು, ಕಾರ್ಮಿಕ, ಪಿಂಚಣಿ ಎಂದು ರೂಸ್‌ವೆಲ್ಟ್ ತರಬೇಕೆಂದಿದ್ದ ಪ್ರತಿಯೊಂದು ಕಾಯ್ದೆಯೂ ಇವರ ಕೈದಾಟಿ ಹೋಗಬೇಕು. ಪಾಲುಗಾರರಿಗೆ ಓಟು ಇರಲಿಲ್ಲ: ಕಪ್ಪು ಜನರಿಗೆ ಬಲವಂತದಿಂದ, ಬಡ ಬಿಳಿಯರಿಗೆ ತಲೆಗಂದಾಯ ಕಟ್ಟಲು ಕಾಸಿಲ್ಲದ್ದರಿಂದ. ಓಟಿಲ್ಲದವರಿಗಾಗಿ ಓಟಿದ್ದವರನ್ನು ಎದುರು ಹಾಕಿಕೊಳ್ಳಬಾರದೆಂದು ವ್ಯಾಲೇಸ್ ತೀರ್ಮಾನಿಸಿದರು. ರಾಜಕಾರಣದ ಲೆಕ್ಕದಲ್ಲಿ ಅದು ತಪ್ಪೆಂದು ಸಾಧಿಸುವುದು ಕಷ್ಟ. ಆ ಲೆಕ್ಕದ ಬೆಲೆ ತೆತ್ತವರು ಮಾತ್ರ ವಾಷಿಂಗ್ಟನ್ನಿನಲ್ಲಿ ಇರಲಿಲ್ಲ.

ಪಾಯಿನ್‌ಸೆಟ್‌ನಲ್ಲಿ ಅಷ್ಟರಲ್ಲಿ ಭಯ ಬೀದಿಗೆ ಬಂದಿತ್ತು. ಮಾರ್ಕ್ಡ್ ಟ್ರೀ ಎಂಬ ಊರಿನಲ್ಲಿ ಸಭೆಯಲ್ಲಿ ಮಾತಾಡಿದ ಮೆಥಡಿಸ್ಟ್ ಪಾದ್ರಿ ವಾರ್ಡ್ ರಾಜರ್ಸ್ ಅವರನ್ನು ಅರಾಜಕತೆಯ ಆರೋಪ ಹೊರಿಸಿ ಬಂಧಿಸಿದರು. ಸಂಘದ ವಕೀಲ ಸಿ.ಟಿ. ಕಾರ್ಪೆಂಟರ್ ಮನೆಗೆ ರಾತ್ರಿ ಗುಂಡು ಹಾರಿಸಿದರು. ಮಾರ್ಚಿನಲ್ಲಿ ನಾರ್ಮನ್ ಥಾಮಸ್ ಮತ್ತೆ ಬಂದಾಗ, ಪಕ್ಕದ ಕೌಂಟಿಯ ಬರ್ಡ್‌ಸಾಂಗ್ ಎಂಬಲ್ಲಿ ಬಂದೂಕು ಹಿಡಿದ ಗುಂಪು ಅವರನ್ನು ವೇದಿಕೆಯಿಂದ ಇಳಿಸಿ ಕಾರಿಗೆ ಹತ್ತಿಸಿ ಗಡಿ ದಾಟಿಸಿತು. ಇಷ್ಟೆಲ್ಲ ಆದರೂ ಆ ವರ್ಷದ ಕೊಯ್ಲಿಗೆ ಸಂಘ ಮುಷ್ಕರ ಹೂಡಿತು. ಹತ್ತಿ ಕಾಯಿ ಒಡೆದು ನಿಂತಿದ್ದಾಗ ಬಿಡಿಸಲು ಯಾರೂ ಹೊಲಕ್ಕೆ ಇಳಿಯಲಿಲ್ಲ. ನೂರು ಪೌಂಡಿಗೆ ಒಂದು ಡಾಲರ್ ಕೇಳಿದ್ದರು. ಹಲವು ಕಡೆ 75 ಸೆಂಟಿಗೆ ಒಪ್ಪಂದವಾಯಿತು. ಅದು ಸಣ್ಣ ಗೆಲುವಲ್ಲ. ಆದರೆ ಕೂಲಿಯ ಗೆಲುವು ಅದು. ನೆಲ ಕೈತಪ್ಪುತ್ತಲೇ ಇತ್ತು.

1936ರ ಜನವರಿ 6ರಂದು ಸುಪ್ರೀಂ ಕೋರ್ಟ್ ಎಎಎಯನ್ನೇ ರದ್ದು ಮಾಡಿತು. ಕಾರಣ ಪಾಲುಗಾರರಲ್ಲ, ಗಿರಣಿಗಳ ಮೇಲಿನ ತೆರಿಗೆ. ಸರ್ಕಾರ ಎರಡೇ ತಿಂಗಳೊಳಗೆ ಮಣ್ಣು ಸಂರಕ್ಷಣೆಯ ಹೆಸರಿನಲ್ಲಿ ಹೊಸ ಕಾಯ್ದೆ ತಂದು ಹಣ ಕೊಡುವುದನ್ನು ಮುಂದುವರಿಸಿತು, 1938ರಲ್ಲಿ ಇನ್ನೊಂದು. ಸಂಘದ ಕೂಗಿನ ಫಲವೆಂಬಂತೆ ಪಾಲುಗಾರನ ಪಾಲು ಸ್ವಲ್ಪ ಹೆಚ್ಚಿತು, ಕೆಲವು ಚೆಕ್ಕು ನೇರವಾಗಿ ಅವನ ಹೆಸರಿಗೇ ಬರತೊಡಗಿತು. ಪರಿಣಾಮ ಉಲ್ಟಾ ಆಯಿತು. ಪಾಲು ಕೊಡಲೇಬೇಕೆಂದಾದರೆ ಪಾಲುಗಾರನೇ ಇಲ್ಲದಂತೆ ಮಾಡಿದರಾಯಿತು! 1939ರ ಜನವರಿಯಲ್ಲಿ ಪಕ್ಕದ ಮಿಸ್ಸೂರಿ ರಾಜ್ಯದ ಆಗ್ನೇಯ ಮೂಲೆಯಲ್ಲಿ ಹೀಗೆ ಎಬ್ಬಿಸಲ್ಪಟ್ಟ ಸಾವಿರಕ್ಕೂ ಹೆಚ್ಚು ಜನ ಹೆದ್ದಾರಿಗಳ ಬದಿಯಲ್ಲಿ ಮಂಚ, ಒಲೆ, ಕೋಳಿಗಳ ಸಮೇತ ಹಿಮದಲ್ಲಿ ಬಂದು ಕೂತರು. ಸಾಗುವ ವಾಹನಗಳ ಜನ ನೋಡಲಿ ಎಂದೇ ಕೂತದ್ದು. ಆರೋಗ್ಯ ಇಲಾಖೆ ಅವರನ್ನು ಸ್ವಚ್ಛತೆಗೆ ಅಪಾಯ ಎಂದು ಘೋಷಿಸಿ ಲಾರಿಗಳಲ್ಲಿ ಸಾಗಿಸಿತು.

ಅಮೆರಿಕದ ಜನಗಣತಿಯಲ್ಲಿ 1930ರಲ್ಲಿ ದಕ್ಷಿಣದ ಪಾಲುಗಾರ ಕುಟುಂಬಗಳು 7.76 ಲಕ್ಷ; 1940ರಲ್ಲಿ 5.41 ಲಕ್ಷ. ಹತ್ತು ವರ್ಷದಲ್ಲಿ ಎರಡೂ ಕಾಲು ಲಕ್ಷಕ್ಕೂ ಹೆಚ್ಚು ಕುಟುಂಬ ಪಟ್ಟಿಯಿಂದ ಅಳಿಸಿಹೋದವು. ಎಲ್ಲಕ್ಕೂ ಸಬ್ಸಿಡಿಯೇ ಕಾರಣವಲ್ಲ, ಆದರೆ ಸಬ್ಸಿಡಿ ಹಣ ಟ್ರ್ಯಾಕ್ಟರಾಗಿ ಹೊಲಕ್ಕೆ ಬಂತು ಎಂಬುದರಲ್ಲಿ ಇತಿಹಾಸಕಾರರಿಗೆ ಹೆಚ್ಚು ಜಗಳವಿಲ್ಲ. 1944ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಬಳಿಯ ಹಾಪ್‌ಸನ್ ಪ್ಲಾಂಟೇಷನ್ನಿನಲ್ಲಿ ಹತ್ತಿ ಬಿಡಿಸುವ ಯಂತ್ರಗಳನ್ನು ಸಾವಿರಾರು ಜನರ ಮುಂದೆ ಓಡಿಸಿ ತೋರಿಸಿದರು. ಕೊಯ್ಲಿನ ಕೈಗಳೂ ಇನ್ನು ಬೇಡವಾದವು.

ಆ ಹೊತ್ತಿನ ದೊಡ್ಡ ಚೆಕ್ಕುಗಳಲ್ಲಿ ಕೆಲವು ಮಿಸಿಸಿಪ್ಪಿಯ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಎಂಬ ಕಂಪನಿಗೆ ಹೋದವು. ಮ್ಯಾಂಚೆಸ್ಟರಿನ ನೂಲು ಗಿರಣಿ ಮಾಲೀಕರ ಒಡೆತನದ, ಮೂವತ್ತು ಸಾವಿರಕ್ಕೂ ಹೆಚ್ಚು ಎಕರೆಯ ತೋಟ ಅದು. ಅದರ ಮುಖ್ಯಸ್ಥ ಆಸ್ಕರ್ ಜಾನ್‌ಸ್ಟನ್ ಅದೇ ಹೊತ್ತಿಗೆ ಎಎಎಯಲ್ಲಿ ಹಣಕಾಸಿನ ಹುದ್ದೆಯಲ್ಲೂ ಇದ್ದರು. ಈ ಹೆಸರು ಕನ್ನಡಿಗರಿಗೆ ಇನ್ನೊಂದು ದಾರಿಯಿಂದ ಪರಿಚಿತ. ಇದೇ ಕಂಪನಿ ಮುಂದೆ ಹತ್ತಿ ಬೀಜದ ದೊಡ್ಡ ವ್ಯಾಪಾರಿಯಾಯಿತು. 1998ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಜೊತೆಗೂಡಿ, ಮರಳಿ ಬಿತ್ತಿದರೆ ಮೊಳೆಯದ ಬೀಜದ ತಂತ್ರಕ್ಕೆ ಪೇಟೆಂಟು ಪಡೆಯಿತು. ‘ಟರ್ಮಿನೇಟರ್’ ಎಂದು ಜಗತ್ತು ಕರೆದದ್ದು ಅದನ್ನೇ. ಮಾನ್ಸಾಂಟೋ ಆಗ ಆ ಕಂಪನಿಯನ್ನು ಕೊಳ್ಳಲು ಹೊರಟಿತ್ತು. ಆ ವರ್ಷದ ಕೊನೆಗೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಪ್ರಯೋಗದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟದ್ದು ಈ ಟರ್ಮಿನೇಟರ್ ಭಯದ ಗಾಳಿಯಲ್ಲಿಯೇ. ಆ ಹೊಲಗಳಲ್ಲಿ ಇದ್ದದ್ದು ಬೇರೆ ತಂತ್ರದ ಹತ್ತಿ. ಅದು ಬೇರೆ ಕತೆ.

ಅದೇ ಡೆಲ್ಟಾ ಸೀಮೆಯ ಸನ್‌ಫ್ಲವರ್ ಕೌಂಟಿಯಲ್ಲಿ ಅರವತ್ತರ ದಶಕದಲ್ಲಿ ಇಬ್ಬರು ಪ್ರಸಿದ್ಧರಿದ್ದರು. ಒಬ್ಬರು ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್: ಡಾಡ್ಸ್‌ವಿಲ್ ಬಳಿ ಐದು ಸಾವಿರಕ್ಕೂ ಹೆಚ್ಚು ಎಕರೆಯ ಹತ್ತಿ ತೋಟದ ಒಡೆಯರು, ಸೆನೆಟ್ಟಿನ ನ್ಯಾಯಾಂಗ ಸಮಿತಿಯ ಅಧ್ಯಕ್ಷರು, ಕೃಷಿ ಸಮಿತಿಯ ಸದಸ್ಯರು. ಕಪ್ಪು ಜನರ ಹಕ್ಕಿನ ಮಸೂದೆಗಳು ಅವರ ಸಮಿತಿಗೆ ಹೋದರೆ ಮರಳುತ್ತಿರಲಿಲ್ಲ. ಇನ್ನೊಬ್ಬರು ಫ್ಯಾನಿ ಲೂ ಹೇಮರ್: ಇಪ್ಪತ್ತು ಮಕ್ಕಳಲ್ಲಿ ಕೊನೆಯವರು, ಆರನೇ ವಯಸ್ಸಿಗೆ ಹತ್ತಿ ಬಿಡಿಸಲು ಹೊಲಕ್ಕೆ ಇಳಿದವರು, ರೂಲ್‌ವಿಲ್ ಬಳಿಯ ತೋಟವೊಂದರಲ್ಲಿ ಆಳುಗಳ ಹೊತ್ತು ಬರೆದಿಡುವ ಕೆಲಸದವರು. 1962ರ ಆಗಸ್ಟ್ 31ರಂದು ಆಕೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇಂಡಿಯನೋಲಾಗೆ ಹೋಗಿ ಬಂದರು. ಅದೇ ರಾತ್ರಿ ತೋಟ ಬಿಡಬೇಕಾಯಿತು. ಆ ಚಳಿಗಾಲದಲ್ಲಿ ಪಕ್ಕದ ಲಫ್ಲೋರ್ ಕೌಂಟಿಯ ಆಡಳಿತ, ಕೆಲಸವಿಲ್ಲದ ತಿಂಗಳುಗಳಲ್ಲಿ ಬಡವರಿಗೆ ಹಂಚುತ್ತಿದ್ದ ಸರ್ಕಾರಿ ಹಿಟ್ಟು ಅಕ್ಕಿಯನ್ನೇ ನಿಲ್ಲಿಸಿತು. ಆ ಧಾನ್ಯವೂ ಬೆಲೆ ಬೀಳದಿರಲೆಂದು ಸರ್ಕಾರ ರೈತರಿಂದ ಕೊಂಡದ್ದೇ. ಒಂದೇ ಯೋಜನೆಯ ಎರಡು ತುದಿಗಳಲ್ಲಿ ಒಡೆಯನ ತುದಿಗೆ ಯಾರೂ ಕೈ ಹಾಕಲಿಲ್ಲ.

1965ರ ಕಾಯ್ದೆ ಹತ್ತಿಯ ನೆಲವನ್ನು ಇನ್ನೂ ಕಡಿಮೆ ಮಾಡಿದವರಿಗೆ ಇನ್ನೂ ಹೆಚ್ಚು ಕೊಟ್ಟಿತು. ಕಳೆ ತೆಗೆಯಲು ದಿನಕ್ಕೆ ಮೂರು ಡಾಲರ್ ಕೂಲಿ ಪಡೆಯುತ್ತಿದ್ದವರಿಗೆ ಆ ಕೆಲಸವೂ ಇಲ್ಲವಾಯಿತು, ಕಳೆನಾಶಕ ಬಂದಿತ್ತು. 1966ರ ಜನವರಿ 31ರಂದು, ನಡುಗುವ ಚಳಿಯಲ್ಲಿ, ಹೀಗೆ ಹೊರಬಿದ್ದ ಕುಟುಂಬಗಳು ಗ್ರೀನ್‌ವಿಲ್‌ನ ಖಾಲಿ ಬಿದ್ದಿದ್ದ ವಾಯುಪಡೆ ನೆಲೆಯೊಳಗೆ ನುಗ್ಗಿ ಕೂತವು. ಮರುದಿನ ಸೈನಿಕ ಪೊಲೀಸರು ಎತ್ತಿ ಹೊರಗೆ ಹಾಕಿದರು. ಅದೇ ವರ್ಷಗಳಲ್ಲಿ ಈಸ್ಟ್‌ಲ್ಯಾಂಡ್ ತೋಟಕ್ಕೆ ಸರ್ಕಾರದಿಂದ ಸಂದ ಹಣ ವರ್ಷಕ್ಕೆ ಒಂದು ಲಕ್ಷ ಡಾಲರಿಗೂ ಹೆಚ್ಚು. ಕಾನೂನು ಮುರಿದು ಪಡೆದದ್ದಲ್ಲ. ಎಕರೆ ಹೆಚ್ಚಿದ್ದವರಿಗೆ ಹೆಚ್ಚು ಎಂಬುದೇ ಕಾನೂನು.

ಈ ಮೊತ್ತಗಳು ಪತ್ರಿಕೆಗಳಲ್ಲಿ ಬಂದ ಮೇಲೆ 1970ರಲ್ಲಿ ಮಿತಿ ಹಾಕಿದರು: ಒಬ್ಬನಿಗೆ ಒಂದು ಬೆಳೆಗೆ 55,000 ಡಾಲರ್. 1973ರಲ್ಲಿ ಅದನ್ನು 20,000ಕ್ಕೆ ಇಳಿಸಿದರು. ಭೂಮಿತಿ ಕಾಯ್ದೆಯ ಕಾಲದಲ್ಲಿ ನಮ್ಮೂರುಗಳಲ್ಲಿ ಏನಾಯಿತೆಂದು ಬಲ್ಲವರಿಗೆ ಮುಂದಿನದು ಹೇಳಬೇಕಾಗಿಲ್ಲ. ಹೆಂಡತಿ, ಮಕ್ಕಳು, ಅಳಿಯಂದಿರು, ಪಾಲುದಾರಿಕೆ ಕಂಪನಿಗಳು ಹುಟ್ಟಿಕೊಂಡವು. ಒಂದು ಹೊಲ ಕಾಗದದ ಮೇಲೆ ಹಲವಾಯಿತು. ಮಿತಿ ಬದಲಾದಾಗಲೆಲ್ಲ ಕಾಗದ ಬದಲಾಯಿತು. 2001ರಲ್ಲಿ ಒಂದು ಪರಿಸರ ಸಂಸ್ಥೆ ಯಾವ ಕೌಂಟಿಯಲ್ಲಿ ಯಾರಿಗೆ ಎಷ್ಟು ಬಂತೆಂಬ ಪಟ್ಟಿಯನ್ನು ಹೆಸರು ಸಮೇತ ಅಂತರ್ಜಾಲಕ್ಕೆ ಏರಿಸಿದಾಗ, ನೆರೆಮನೆಯವನ ಚೆಕ್ಕಿನ ಮೊತ್ತ ಇಡೀ ಊರಿಗೆ ಮೊದಲ ಬಾರಿ ತಿಳಿಯಿತು. ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕದ ಹತ್ತಿ ಸಬ್ಸಿಡಿಯ ಮೇಲೆ ದೂರು ಹೂಡಿ ಗೆದ್ದಿತು. ಅಮೆರಿಕ ತನ್ನ ಸಬ್ಸಿಡಿಯನ್ನು ಕೂಡಲೇ ಬಿಡುವ ಬದಲು 2010ರಿಂದ ಬ್ರೆಜಿಲ್ಲಿನ ಹತ್ತಿ ಬೆಳೆಗಾರರಿಗೂ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು. ಇಷ್ಟು ನೆಟ್ಟಗೆ ನಿಂತು ಹೇಳಿದ ಹಾಸ್ಯ ಸರ್ಕಾರಿ ದಾಖಲೆಗಳಲ್ಲಿ ಅಪರೂಪ.

ಸಾಲ ಕೊಡುವುದರಲ್ಲಿ ಕೃಷಿ ಇಲಾಖೆ ಭೇದ ಮಾಡಿತೆಂದು ಕಪ್ಪು ರೈತರು ಹೂಡಿದ ಪಿಗ್‌ಫರ್ಡ್ ಮೊಕದ್ದಮೆಯಲ್ಲಿ 1999ರಲ್ಲಿ ಸರ್ಕಾರ ರಾಜಿಯಾಗಿ, ಅರ್ಹರಾದವರಿಗೆ ಬಹುತೇಕ ತಲಾ 50,000 ಡಾಲರ್ ಕೊಟ್ಟಿತು. ಹಲವರ ಹೊಲ ಅಷ್ಟರಲ್ಲಿ ಹರಾಜಾಗಿತ್ತು.

ಟೈರೊನ್ಝಾದಲ್ಲಿ ಮಿಚೆಲ್‌ನ ಇಸ್ತ್ರಿ ಅಂಗಡಿ, ಈಸ್ಟ್‌ನ ಪೆಟ್ರೋಲ್ ಬಂಕ್ ಇದ್ದ ಕಟ್ಟಡ ಈಗ ಆ ಸಂಘದ ವಸ್ತುಸಂಗ್ರಹಾಲಯ. ಹೇಮರ್ ಬೇರೆ ದಾರಿ ಹಿಡಿದಿದ್ದರು. 1969ರಲ್ಲಿ ದಾನದ ಹಣದಿಂದ ರೂಲ್‌ವಿಲ್ ಬಳಿ 40 ಎಕರೆ ಕೊಂಡು ಫ್ರೀಡಂ ಫಾರ್ಮ್ ಎಂಬ ಸಹಕಾರಿ ಹೊಲ ಶುರುಮಾಡಿದರು. ಆಮೇಲೆ ಅದು 600 ಎಕರೆ ದಾಟಿತು. ತರಕಾರಿ, ಕಾಳು ಬೆಳೆದರು, ಸಾಲದ ಕಂತಿಗಾಗಿ ಹತ್ತಿಯನ್ನೂ ಬೆಳೆದರು. ಬಡ ಕುಟುಂಬಕ್ಕೆ ಒಂದು ಹೆಣ್ಣು ಹಂದಿ ಸಾಲ ಕೊಡುವುದು, ಅದು ಈದ ಮೇಲೆ ಮರಿಗಳಲ್ಲಿ ಎರಡನ್ನು ಮರಳಿ ಪಡೆದು ಇನ್ನೊಂದು ಮನೆಗೆ ಕೊಡುವುದು. ಇದಕ್ಕೆ ಹಂದಿ ಬ್ಯಾಂಕು ಎಂದು ಹೆಸರು. ಬರ, ನೆರೆ, ಸಾಲ, ಹೇಮರ್ ಅವರ ಕಾಯಿಲೆ ಒಂದರ ಮೇಲೊಂದು ಬಂದವು. 1976ರ ಹೊತ್ತಿಗೆ ಹೆಚ್ಚಿನ ನೆಲ ಕೈಬಿಟ್ಟುಹೋಗಿತ್ತು. 1977ರ ಮಾರ್ಚಿನಲ್ಲಿ ಆಕೆ ತೀರಿಕೊಂಡಾಗ ಮಣ್ಣು ಮಾಡಿದ್ದು ಆ ಸಹಕಾರಿ ಹೊಲಕ್ಕೆ ಸೇರಿದ ರೂಲ್‌ವಿಲ್‌ನ ಒಂದು ತುಂಡು ನೆಲದಲ್ಲಿ.